ಫೋಟೋದ ಮೇಜಿನ ಮೇಲೆ ಒಂದು ಥ್ರೀಡಿ ಹೂಜಿ

ಕೈಗೆ ಬಂದದ್ದು ಎರಡೇ ಫೈಲು. ಒಂದು ಫೋಟೋ: ಕಿಟಕಿಯ ಪಕ್ಕದಲ್ಲಿ ಮರದ ಮೇಜು, ಮೇಜಿನ ಒಂದು ಮೂಲೆಗೆ ಗಾಜಿನ ಲೋಟ, ನಡುವೆ ಬೇಕೆಂದೇ ಬಿಟ್ಟ ಖಾಲಿ ಜಾಗ. ಇನ್ನೊಂದು, ಆ ಜಾಗದಲ್ಲಿ ಕೂರಬೇಕಾದ ಹೂಜಿಯ ಥ್ರೀಡಿ ಮಾಡೆಲ್. ಹೂಜಿ ಇನ್ನೂ ತಯಾರಾಗಿರಲಿಲ್ಲ, ಕಂಪ್ಯೂಟರಿನಲ್ಲಿ ಮಾತ್ರ ಇತ್ತು. ಅದರ ಹೊಟ್ಟೆಯ ಸುತ್ತ ನೀಲಿ ಬಳ್ಳಿಯ ಚಿತ್ತಾರ ಬರಬೇಕು, ಬಿಳಿ ಪಿಂಗಾಣಿಯ ಹೊಳಪಿರಬೇಕು, ನೋಡಿದವರಿಗೆ ಫೋಟೋ ತೆಗೆದಾಗಲೇ ಹೂಜಿ ಅಲ್ಲಿತ್ತು ಅನ್ನಿಸಬೇಕು. ನನ್ನ ಕಸುಬು ಫೋಟೋ ತಿದ್ದುವುದು. ಲೇಯರ್, ಮಾಸ್ಕ್, ಕರ್ವ್ಸ್‌ಗಳಲ್ಲಿ ಕೈ ಪಳಗಿದೆ. ಮೆಶ್, ವರ್ಟೆಕ್ಸ್, ಯುವಿ ಎನ್ನುವ ಮಾತುಗಳನ್ನು ದೂರದಿಂದ ಕೇಳಿದ್ದೆ, ಅಷ್ಟೆ.

ಮೊದಲು ಹಿಡಿದದ್ದು ಗೊತ್ತಿದ್ದ ಸಾಫ್ಟ್‌ವೇರನ್ನೇ. ಫೋಟೋಶಾಪ್‌ಗೆ ಥ್ರೀಡಿ ಲೇಯರ್ ಬಂದದ್ದು 2007ರಲ್ಲಿ, ಸಿಎಸ್3 ಎಕ್ಸ್‌ಟೆಂಡೆಡ್ ಆವೃತ್ತಿಯ ಜೊತೆ. ಮರುವರ್ಷದ ಸಿಎಸ್4ರಲ್ಲಿ ಮಾಡೆಲ್ ಮೇಲೆ ನೇರವಾಗಿ ಬ್ರಷ್ ಆಡಿಸುವ ಸೌಲಭ್ಯ ಸೇರಿತು, 2010ರ ಸಿಎಸ್5ರಲ್ಲಿ ಅಕ್ಷರಗಳಿಗೆ ದಪ್ಪ ಕೊಟ್ಟು ಉಬ್ಬಿಸುವ ರೆಪೂಸೆ, 2012ರ ಸಿಎಸ್6ರಲ್ಲಿ ಇಡೀ ಥ್ರೀಡಿ ಭಾಗಕ್ಕೇ ಹೊಸ ರೂಪ. ಆಮೇಲೆ 2021ರಲ್ಲಿ, 22.5ನೆಯ ಆವೃತ್ತಿಯ ಹೊತ್ತಿಗೆ, ಥ್ರೀಡಿ ಭಾಗವನ್ನು ಕೈಬಿಡುತ್ತಿದ್ದೇವೆ ಎಂದು ಅಡೋಬಿ ತಿಳಿಸಿತು. ಅದು ನಿಂತಿದ್ದ ಹಳೆಯ ಗ್ರಾಫಿಕ್ಸ್ ವ್ಯವಸ್ಥೆ ಹೊಸ ಆಪರೇಟಿಂಗ್ ಸಿಸ್ಟಂಗಳ ಜೊತೆ ಹೊಂದುತ್ತಿರಲಿಲ್ಲ. 2019ರಲ್ಲಿ ಅಲ್ಲೆಗೊರಿದ್ಮಿಕ್ ಕಂಪನಿಯನ್ನು ಕೊಂಡ ಮೇಲೆ ಅವರ ಗಮನವೂ ಸಬ್‌ಸ್ಟೆನ್ಸ್ ಎಂಬ ಥ್ರೀಡಿ ಸಾಫ್ಟ್‌ವೇರ್‌ಗಳ ಕಡೆಗೆ ಹೊರಳಿತ್ತು. ನನ್ನ ಹಳೆಯ ಕಂಪ್ಯೂಟರಿನಲ್ಲಿ ಆ ಮೆನು ಇರುವ ಆವೃತ್ತಿ ಉಳಿದಿತ್ತು. ಹಾಗಾಗಿ ಈ ಕೆಲಸದ ಮೊದಲರ್ಧ ಅದರಲ್ಲಿ ನಡೆಯಿತು, ಉಳಿದರ್ಧ ಬ್ಲೆಂಡರ್ ಎಂಬ ಉಚಿತ ಥ್ರೀಡಿ ಸಾಫ್ಟ್‌ವೇರ್ ಮತ್ತು ಹೊಸ ಫೋಟೋಶಾಪ್ ನಡುವೆ. ಎರಡೂ ಕಡೆ ನನಗೆ ಕಂಡದ್ದು ಒಂದೇ. ಹೂಜಿ ಮೇಜಿನ ಮೇಲೆ ಕೂರುತ್ತದೋ ತೇಲುತ್ತದೋ ಎನ್ನುವುದನ್ನು ತೀರ್ಮಾನಿಸುವುದು ಮಾಡೆಲ್‌ನ ಅಂದವಲ್ಲ, ಫೋಟೋವನ್ನು ನಾವು ಎಷ್ಟು ಸರಿಯಾಗಿ ಓದಿದ್ದೇವೆ ಎನ್ನುವುದು.

ಮಾಡೆಲ್ ಬಂದದ್ದು ಓಬಿಜೆ ಫೈಲಾಗಿ. ವೇವ್‌ಫ್ರಂಟ್ ಕಂಪನಿ ಹುಟ್ಟುಹಾಕಿದ ಹಳೆಯ ರೂಪ ಅದು. ಒಳಗಿರುವುದೆಲ್ಲ ಬರೀ ಅಕ್ಷರ ಮತ್ತು ಅಂಕಿ. ನೋಟ್‌ಪ್ಯಾಡ್‌ನಲ್ಲಿ ತೆರೆದರೂ ಓದಬಹುದು. ‘ವಿ’ ಎಂದು ಶುರುವಾಗುವ ಸಾಲು ಒಂದು ಬಿಂದು ಎಲ್ಲಿದೆ ಎಂದು ಹೇಳುತ್ತದೆ. ‘ವಿಎನ್’ ಸಾಲು ಮೇಲ್ಮೈ ಯಾವ ಕಡೆ ಮುಖ ಮಾಡಿದೆ ಎಂದು, ‘ಎಫ್’ ಸಾಲು ಯಾವ ಯಾವ ಬಿಂದು ಸೇರಿ ಒಂದು ಮುಖವಾಗಿದೆ ಎಂದು. ಚಿತ್ರವನ್ನು ಮೇಲ್ಮೈಗೆ ಹೊದಿಸುವ ಲೆಕ್ಕ, ಅಂದರೆ ಯುವಿ, ಇರುವುದು ‘ವಿಟಿ’ ಸಾಲುಗಳಲ್ಲಿ. ಬಣ್ಣ, ಹೊಳಪಿನ ವಿವರ ಇನ್ನೊಂದು ಫೈಲಿನಲ್ಲಿ, ಎಂಟಿಎಲ್ ಎಂಬ ಹೆಸರಿನಲ್ಲಿ ಬರುತ್ತದೆ. ಅದನ್ನು ಬಿಟ್ಟು ಓಬಿಜೆ ಒಂದನ್ನೇ ಕಳಿಸುವವರು ಬಹಳ. ನನ್ನ ಫೈಲನ್ನು ಹುಡುಕಿದರೆ ವಿಟಿ ಸಾಲು ಒಂದೂ ಇಲ್ಲ. ಅಂದರೆ ಹೂಜಿಗೆ ಆಕಾರ ಇದೆ, ಚಿತ್ತಾರ ಅಂಟಿಸಲು ವಿಳಾಸ ಇಲ್ಲ.

ಮಾಡೆಲ್ ಮಾಡಿದವರಿಗೆ ಫೋನ್ ಮಾಡಿದೆ.

“ಯುವಿ ಬಿಚ್ಚಿಲ್ವಲ್ಲ ಮೇಡಂ,” ಅಂದೆ.

“ಟೆಕ್ಸ್ಚರ್ ಹಾಕ್ತೀವಿ ಅಂತ ಯಾರೂ ಹೇಳ್ಲೇ ಇಲ್ಲ ಸರ್. ಪ್ರಿಂಟಿಗೆ ಅಂದ್ಕೊಂಡಿದ್ದೆ. ಹೊಲಿಗೆ ಎಲ್ಲಿ ಬರಬೇಕು ಹೇಳಿ, ಅಲ್ಲೇ ಹಾಕಿ ಕಳಿಸ್ತೀನಿ.”

ಟೆಕ್ಸ್ಚರ್ ಅಂದರೆ ಮಾಡೆಲ್‌ನ ಮೈಗೆ ಹೊದಿಸುವ ಚಿತ್ರ. ಅವರು ಹೇಳಿದ್ದರಲ್ಲಿ ಅರ್ಥವಿತ್ತು. ಥ್ರೀಡಿ ಪ್ರಿಂಟಿಗೆ ಕಳಿಸುವ ಎಸ್‌ಟಿಎಲ್ ಫೈಲಿನಲ್ಲಿ ಯುವಿಗೆ ಜಾಗವೇ ಇಲ್ಲ, ಬರೀ ತ್ರಿಕೋನಗಳು. ಆಕಾರವಷ್ಟೇ ಬೇಕಿದ್ದವರಿಗೆ ಬಿಚ್ಚುವ ಗೊಡವೆ ಯಾಕೆ? ಫೋಟೋಶಾಪ್ ತಾನೇ ಯುವಿ ಕಟ್ಟಿಕೊಡಬಲ್ಲದು ನಿಜ. ಆದರೆ ಅದು ಕತ್ತರಿಸಿದ ತುಂಡುಗಳನ್ನು ನೋಡಿದರೆ ಯಾವುದು ಕುತ್ತಿಗೆ, ಯಾವುದು ಹೊಟ್ಟೆ ಎಂದು ಗುರುತು ಹತ್ತುವುದಿಲ್ಲ. ಬಳ್ಳಿ ಬಿಡಿಸುವವನಿಗೆ ಅದು ಕೆಲಸಕ್ಕೆ ಬಾರದು.

ಯುವಿ ಅಂದರೆ ಏನು ಎಂದು ನನಗೆ ನಿಜವಾಗಿ ಅರ್ಥವಾದದ್ದು ಆ ‘ಹೊಲಿಗೆ’ ಎಂಬ ಮಾತಿನಿಂದ. ಅಂಗಿಯ ಹೊಲಿಗೆ ಬಿಚ್ಚಿ ತೋಳು, ಬೆನ್ನು, ಕಾಲರ್ ಎಲ್ಲವನ್ನೂ ನೆಲದ ಮೇಲೆ ಹಾಸಿದ ಹಾಗೆ ಮಾಡೆಲ್‌ನ ಮೈಯನ್ನು ಚಪ್ಪಟೆಯಾಗಿ ಹಾಸುವುದು. ಹಾಸಿದ ಮೇಲೆ ಅದು ನಮ್ಮ ಕಸುಬಿನ ಸರಕು: ಚಪ್ಪಟೆ ಚಿತ್ರ. ಬಾಗಿದ ಮೇಲ್ಮೈಗೆ ಚಿತ್ರ ಹೊದಿಸುವ ಈ ಉಪಾಯವನ್ನು 1974ರಲ್ಲಿ ಯೂಟಾ ವಿಶ್ವವಿದ್ಯಾಲಯದಲ್ಲಿ ಎಡ್ ಕ್ಯಾಟ್‌ಮಲ್ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಮುಂದಿಟ್ಟರು. ಮರುವರ್ಷ ಅದೇ ವಿಶ್ವವಿದ್ಯಾಲಯದ ಮಾರ್ಟಿನ್ ನ್ಯೂಯೆಲ್ ಒಂದು ಟೀಪಾಟ್‌ನ ಮಾಡೆಲ್ ಮಾಡಿದರು. ಇವತ್ತಿಗೂ ಥ್ರೀಡಿ ಕಲಿಯುವವರ ಕಣ್ಣಿಗೆ ಬೀಳುವ ಆ ಟೀಪಾಟ್‌ಗೆ ಮೊದಲು ತಳವೇ ಇರಲಿಲ್ಲವಂತೆ. ಹಿಡಿ, ಮೂತಿ, ಉಬ್ಬಿದ ಹೊಟ್ಟೆ, ತನ್ನ ಮೈಮೇಲೆ ತಾನೇ ನೆರಳು ಹಾಕಿಕೊಳ್ಳುವ ಗುಣ, ಇವೆಲ್ಲ ಒಂದೇ ವಸ್ತುವಿನಲ್ಲಿ ಸಿಗುವುದರಿಂದ ಪರೀಕ್ಷೆಗೆ ಅದು ಹೇಳಿ ಮಾಡಿಸಿದಂಥದ್ದು. ನನ್ನ ಹೂಜಿಯದೂ ಅದೇ ಜಾತಿ.

ಹೊಲಿಗೆ ಹಿಡಿಯ ಹಿಂದೆ ಇರಲಿ ಎಂದೆ. ಫೋಟೋದಲ್ಲಿ ಹಿಡಿ ಬಲಕ್ಕೆ, ಸ್ವಲ್ಪ ಹಿಂದಕ್ಕೆ ತಿರುಗುತ್ತಿತ್ತು. ಹೊಲಿಗೆ ಅದರ ಮರೆಯಲ್ಲಿ ಅಡಗುತ್ತದೆ. ಹೊಟ್ಟೆ, ಕುತ್ತಿಗೆ ಸೇರಿ ಒಂದೇ ಉದ್ದನೆಯ ಪಟ್ಟಿ, ಹಿಡಿ ಬೇರೆ, ತಳ ಬೇರೆ. ಹೊಸ ಫೈಲು ಬಂದ ಕೂಡಲೇ ಚಿತ್ತಾರ ಹಾಕಲು ಹೋಗದೆ ಮೊದಲು ಚದುರಂಗದ ಮನೆಗಳ ಹಾಗಿರುವ ಕಪ್ಪು ಬಿಳುಪು ಚೌಕಗಳನ್ನು ಹೊದಿಸಿದೆ. ಇದೊಂದು ಪರೀಕ್ಷೆಯನ್ನು ಮಾತ್ರ ಯಾರೂ ಬಿಡಬಾರದು. ಹೊಟ್ಟೆಯ ಮೇಲೆ ಚೌಕಗಳು ಚೌಕಗಳಾಗಿಯೇ ಇದ್ದವು. ಕುತ್ತಿಗೆಗೆ ಬರುವಷ್ಟರಲ್ಲಿ ಅಡ್ಡಕ್ಕೆ ಹಿಸುಕಿ ಅರ್ಧ ಅಗಲವಾಗಿದ್ದವು. ಕಾರಣ ಸರಳ: ಹೊಟ್ಟೆಯ ವ್ಯಾಸ 18 ಸೆಂಟಿಮೀಟರ್, ಕುತ್ತಿಗೆಯದು 9. ಪಟ್ಟಿ ಮಾತ್ರ ಎರಡೂ ಕಡೆ ಒಂದೇ ಅಗಲ. ಬಳ್ಳಿಯ ಎಲೆಗಳು ಕುತ್ತಿಗೆಯಲ್ಲಿ ಸೂಜಿಗಳಾಗುತ್ತಿದ್ದವು. ಪರಿಹಾರವಾಗಿ ಕುತ್ತಿಗೆಯ ಎಲೆಗಳನ್ನು ಎರಡು ಪಟ್ಟು ಅಗಲ ಬಿಡಿಸಿ, ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿದೆ. ಚಪ್ಪಟೆ ಚಿತ್ರದಲ್ಲಿ ಅವು ಊದಿಕೊಂಡ ಎಲೆಗಳು. ಹೂಜಿಯ ಮೇಲೆ ಸರಿಯಾದ ಎಲೆಗಳು.

ಟೆಕ್ಸ್ಚರ್ ಎಷ್ಟು ದೊಡ್ಡದಿರಬೇಕು ಎನ್ನುವುದಕ್ಕೆ ಅಂದಾಜು ಬೇಡ, ಲೆಕ್ಕವೇ ಇದೆ. ಕೊನೆಯ ಚಿತ್ರದಲ್ಲಿ ಹೂಜಿಯ ಹೊಟ್ಟೆ ಸುಮಾರು 1000 ಪಿಕ್ಸೆಲ್ ಅಗಲ ಬರುತ್ತಿತ್ತು. ದುಂಡಗಿನ ವಸ್ತುವಿನ ಸುತ್ತಳತೆ ಅದರ ಅಗಲದ 3.14 ಪಟ್ಟು. ನಡುಮಧ್ಯದಲ್ಲಿ, ಅಂದರೆ ಮೈ ನೇರ ನಮ್ಮ ಕಡೆಗೇ ಇರುವಲ್ಲಿ, ಟೆಕ್ಸ್ಚರಿನ ಒಂದು ಪಿಕ್ಸೆಲ್ ಚಿತ್ರದ ಒಂದು ಪಿಕ್ಸೆಲ್‌ಗೆ ಸಮ ಬರಬೇಕಾದರೆ ಪಟ್ಟಿಯ ಅಗಲ 3140 ಪಿಕ್ಸೆಲ್ ಆದರೂ ಇರಬೇಕು. 2048 ಸಾಲದು, 4096 ಸಾಕು, 8192 ದುಂದು. ಬಿಚ್ಚಿದ ರೂಪದಲ್ಲಿ 4096ರ ಚೌಕ ಮೆಮೊರಿಯಲ್ಲಿ 64 ಎಂಬಿ ತಿನ್ನುತ್ತದೆ, 8192ರದು 256 ಎಂಬಿ. ಬಣ್ಣಕ್ಕೊಂದು, ಉಬ್ಬುತಗ್ಗಿಗೊಂದು, ಹೊಳಪಿಗೊಂದು ಎಂದು ಮೂರು ಹೊದಿಸಿದರೆ ಹಳೆಯ ಗ್ರಾಫಿಕ್ಸ್ ಕಾರ್ಡು ಏದುಸಿರು ಬಿಡುತ್ತದೆ.

ಹಳೆಯ ಫೋಟೋಶಾಪ್‌ನಲ್ಲಿ ಟೆಕ್ಸ್ಚರ್ ಬಿಡಿಸುವ ಸುಖ ಹೇಳಲೇಬೇಕು. ಥ್ರೀಡಿ ಲೇಯರಿನ ಕೆಳಗೆ ಟೆಕ್ಸ್ಚರುಗಳ ಹೆಸರು ಸಾಲಾಗಿ ಬರುತ್ತವೆ. ಒಂದರ ಮೇಲೆ ಎರಡು ಸಲ ಒತ್ತಿದರೆ ಅದು ಬೇರೆ ಫೈಲಾಗಿ ತೆರೆದುಕೊಳ್ಳುತ್ತದೆ. ಅದರೊಳಗೆ ಬೇಕಾದಷ್ಟು ಲೇಯರ್ ಹಾಕಬಹುದು, ಮಾಸ್ಕ್ ಹಾಕಬಹುದು, ಯುವಿ ಗೆರೆಗಳ ಜಾಲರಿಯನ್ನು ಮೇಲೆ ಹರಡಿಕೊಳ್ಳಬಹುದು. ಕಂಟ್ರೋಲ್ ಎಸ್ ಒತ್ತಿದ ಕ್ಷಣ ಆಚೆ ಕಿಟಕಿಯಲ್ಲಿ ಹೂಜಿಯ ಮೈ ಬದಲಾಗುತ್ತದೆ. ಆ ಸಲೀಸುತನ ಆಮೇಲೆ ನನಗೆ ಎಲ್ಲೂ ಸಿಕ್ಕಿಲ್ಲ. ಬಳ್ಳಿಯ ಎರಡು ತುದಿ ಹೊಲಿಗೆಯಲ್ಲಿ ಕೂಡುತ್ತವೆಯೇ ಎಂದು ನೋಡಲು ಆಫ್‌ಸೆಟ್ ಫಿಲ್ಟರ್ ಬಳಸಿದೆ: ಚಿತ್ರವನ್ನು ಅರ್ಧ ಅಗಲದಷ್ಟು ಪಕ್ಕಕ್ಕೆ ಸರಿಸಿದರೆ ತುದಿಗಳು ನಡುವೆ ಬಂದು ನಿಲ್ಲುತ್ತವೆ, ತಿದ್ದಿ ಮತ್ತೆ ಹಿಂದಕ್ಕೆ ಸರಿಸಬೇಕು. ತುಂಡುಗಳ ಅಂಚಿನಾಚೆಗೂ ಬಣ್ಣವನ್ನು ಒಂದು 16 ಪಿಕ್ಸೆಲ್ ಚಾಚಿಸಬೇಕು. ಇಲ್ಲದಿದ್ದರೆ ಟೆಕ್ಸ್ಚರ್ ಚಿಕ್ಕದಾಗಿ ಕಾಣುವಾಗ ಹೊರಗಿನ ಬಣ್ಣ ಒಳಕ್ಕೆ ಸೋರಿ ಹೊಲಿಗೆಯುದ್ದಕ್ಕೂ ಕೂದಲೆಳೆಯಂಥ ಗೆರೆ ಕಾಣುತ್ತದೆ.

ಮಾಡೆಲ್ ಮೇಲೇ ಬ್ರಷ್ ಆಡಿಸುವುದು ಕೇಳಲು ಚೆಂದ. ಮೈ ಓರೆಯಾಗಿ ತಿರುಗಿದ ಕಡೆ ಬಣ್ಣ ಎಳೆದುಕೊಂಡು ಹೋಗುತ್ತದೆ. ಎದುರಿಗೆ ತಿರುಗಿಸಿಕೊಂಡು, ಸಣ್ಣ ಸಣ್ಣ ಜಾಗ ಮಾತ್ರ ತುಂಬಬೇಕು. ಹೊಲಿಗೆಯ ಮೇಲೆ ಒಂದೆರಡು ಎಲೆ ಸೇರಿಸಲು ಅದು ಸಾಕು, ಇಡೀ ಬಳ್ಳಿಗೆ ಬೇಡ. ಇನ್ನು ಬರೀ ಡಬ್ಬಿಗೋ ಬಾಟಲಿಗೋ ಲೇಬಲ್ ಸುತ್ತಿ ತೋರಿಸಿದರೆ ಸಾಕು ಎನ್ನುವ ಕೆಲಸವಾದರೆ ಇಷ್ಟೆಲ್ಲ ಯಾಕೆ? ಉಚಿತವಾಗಿ ಸಿಗುವ ಗಿಂಪ್‌ನಲ್ಲಿ ಮ್ಯಾಪ್ ಆಬ್ಜೆಕ್ಟ್ ಎಂಬ ಫಿಲ್ಟರ್ ಇದೆ, ಚಿತ್ರವನ್ನು ಚೆಂಡು, ಪೆಟ್ಟಿಗೆ, ಕೊಳವೆಯ ಆಕಾರಕ್ಕೆ ಸುತ್ತಿ ಬೆಳಕನ್ನೂ ಬೀಳಿಸುತ್ತದೆ. ಮಾಡೆಲ್ಲೇ ಬೇಕಾಗಿಲ್ಲ.

ಚಿತ್ತಾರ ಮುಗಿದ ಹೂಜಿಯನ್ನು ಫೋಟೋದ ಮೇಲೆ ತಂದಾಗ ಅದು ಮಲಗಿಕೊಂಡಿತ್ತು. ಕೆಲವು ಸಾಫ್ಟ್‌ವೇರ್‌ಗಳಿಗೆ ಮೇಲು ಅಂದರೆ ಝಡ್ ಅಕ್ಷ, ಕೆಲವಕ್ಕೆ ವೈ ಅಕ್ಷ. ತಿರುಗಿಸಿ ನಿಲ್ಲಿಸಿದರಾಯಿತು. ಓಬಿಜೆಯಲ್ಲಿ ಅಳತೆಯ ಮಾನವೂ ಇಲ್ಲ. 24 ಎಂದರೆ 24 ಸೆಂಟಿಮೀಟರೋ ಮೀಟರೋ ಫೈಲಿಗೆ ಗೊತ್ತಿಲ್ಲ. ಇಲ್ಲಿಂದ ಮುಂದೆ ಮಾಡೆಲ್ ಏನೂ ಹೇಳುವುದಿಲ್ಲ, ಫೋಟೋವನ್ನೇ ಕೇಳಬೇಕು.

ಮೇಜಿನ ಎರಡು ಉದ್ದದ ಅಂಚುಗಳನ್ನು ಗೆರೆ ಎಳೆದು ಹಿಂದಕ್ಕೆ ಬೆಳೆಸಿದೆ. ಅವು ಎಲ್ಲೋ ಕೂಡುತ್ತವೆ. ಕಿಟಕಿ ಮೇಜಿಗೆ ಸಮಾಂತರವಾಗಿತ್ತು, ಅದರ ಪಕ್ಕದ ಅಂಚಿನ ಗೆರೆಗಳೂ ಅದೇ ಎತ್ತರದಲ್ಲಿ ಬಂದು ಸೇರಿದವು. ಆ ಎತ್ತರವೇ ದಿಗಂತ, ಅಂದರೆ ಕ್ಯಾಮೆರಾದ ಕಣ್ಣಿನ ಮಟ್ಟ. ದಿಗಂತ ಸಿಕ್ಕಿತೆಂದರೆ ಅಳತೆಯೂ ಸಿಕ್ಕಿದ ಹಾಗೆ. ಫೋಟೋ ತೆಗೆದವರನ್ನು ಕೇಳಿದಾಗ ಲೋಟದ ಎತ್ತರ 12 ಸೆಂಟಿಮೀಟರ್ ಎಂದರು. ಚಿತ್ರದಲ್ಲಿ ಲೋಟದ ತಳದಿಂದ ದಿಗಂತದವರೆಗಿನ ದೂರ ಲೋಟದ ಎತ್ತರದ ನಾಲ್ಕು ಪಟ್ಟು ಇತ್ತು. ಅಂದರೆ ಕ್ಯಾಮೆರಾ ಮೇಜಿನಿಂದ 48 ಸೆಂಟಿಮೀಟರ್ ಮೇಲಿತ್ತು. ನಮ್ಮ ಹೂಜಿ 24 ಸೆಂಟಿಮೀಟರ್. ಹಾಗಾಗಿ ಅದನ್ನು ಮೇಜಿನ ಯಾವ ಜಾಗದಲ್ಲಿ ಇಟ್ಟರೂ ಅದರ ಬಾಯಿ, ತಳಕ್ಕೂ ದಿಗಂತಕ್ಕೂ ನಟ್ಟನಡುವೆ ಬರಬೇಕು. ಹತ್ತಿರ ಇಟ್ಟರೂ ಅಷ್ಟೇ, ದೂರ ಇಟ್ಟರೂ ಅಷ್ಟೇ. ಕ್ಯಾಮೆರಾ ತೀರಾ ಬಗ್ಗಿಲ್ಲದ ಫೋಟೋಗಳಲ್ಲೆಲ್ಲ ಈ ಲೆಕ್ಕ ಕೈಕೊಡುವುದಿಲ್ಲ. ಕಣ್ಣಂದಾಜಿನಲ್ಲಿ ನಾನು ಇಡಲು ಹೊರಟಿದ್ದ ಗಾತ್ರಕ್ಕಿಂತ ಇದು ಸಾಕಷ್ಟು ಚಿಕ್ಕದು.

ದುಂಡಗಿನ ಬಾಯಿಯೂ ಸಾಕ್ಷಿ ಹೇಳುತ್ತದೆ. ದಿಗಂತಕ್ಕೆ ಹತ್ತಿರವಾದಷ್ಟೂ ವೃತ್ತ ಚಪ್ಪಟೆಯಾಗುತ್ತದೆ, ದಿಗಂತದ ಮಟ್ಟದಲ್ಲೇ ಇದ್ದರೆ ಬರೀ ಗೆರೆ. ಲೋಟದ ಬಾಯಿ ಎಷ್ಟು ತೆರೆದಿದೆ, ತಳ ಎಷ್ಟು ತೆರೆದಿದೆ ಎಂದು ಅಳೆದುಕೊಂಡೆ. ಹೂಜಿಯ ಬಾಯಿ ಲೋಟದ ಬಾಯಿಗಿಂತ ಎತ್ತರದಲ್ಲಿರುವುದರಿಂದ ಅದಕ್ಕಿಂತ ಚಪ್ಪಟೆಯಾಗಿ ಕಾಣಬೇಕು. ತಳಗಳ ತೆರವು ಮಾತ್ರ, ಒಂದೇ ದೂರದಲ್ಲಿದ್ದರೆ, ಹೆಚ್ಚುಕಡಿಮೆ ಒಂದೇ ಪ್ರಮಾಣ.

ಲೆನ್ಸ್ ಯಾವುದು ಎನ್ನುವುದು ಫೋಟೋ ಫೈಲಿನ ಎಕ್ಸಿಫ್ ಮಾಹಿತಿಯಲ್ಲೇ ಇತ್ತು: 50 ಎಂಎಂ, ಫುಲ್‌ಫ್ರೇಮ್ ಕ್ಯಾಮೆರಾ. 36 ಎಂಎಂ ಅಗಲದ ಸೆನ್ಸರ್‌ಗೆ ಅದು ಅಡ್ಡಕ್ಕೆ 39.6 ಡಿಗ್ರಿ ನೋಟ. ಆದರೆ ನನ್ನ ಕೈಲಿದ್ದ ಫೋಟೋ 3ಕ್ಕೆ 2ರ ಪ್ರಮಾಣದಲ್ಲಿರಲಿಲ್ಲ. ಯಾರೋ ಎಡಗಡೆ ಕತ್ತರಿಸಿದ್ದರು. ಕತ್ತರಿಸಿದ ಫೋಟೋದ ನಡು ಲೆನ್ಸಿನ ನಡುವಲ್ಲ, ಎಕ್ಸಿಫ್ ಅಂಕಿ ಅದಕ್ಕೆ ಅನ್ವಯಿಸುವುದಿಲ್ಲ. ಕತ್ತರಿಸದ ಮೂಲ ತರಿಸಿಕೊಂಡು, ಅಂಚಿನಲ್ಲಿದ್ದ ಲೆನ್ಸಿನ ಬಾಗನ್ನು ಮೊದಲು ನೇರ ಮಾಡಿ, ಆಮೇಲೆ ಮುಂದುವರಿದೆ. ಥ್ರೀಡಿಯ ಕ್ಯಾಮೆರಾಕ್ಕೆ ಬಾಗು ಎನ್ನುವುದೇ ಗೊತ್ತಿಲ್ಲ, ಅದರ ಗೆರೆಗಳೆಲ್ಲ ನೆಟ್ಟಗೆ. ಫೋಟೋಶಾಪ್‌ನಲ್ಲಿ ನೋಟದ ಕೋನ ತುಂಬಿ, ನೆಲದ ಜಾಲರಿ ಮೇಜಿನ ಅಂಚುಗಳ ಮೇಲೆ ಕೂರುವವರೆಗೆ ಕ್ಯಾಮೆರಾವನ್ನು ಕೈಯಲ್ಲೇ ಎಳೆದಾಡಬೇಕಿತ್ತು. ಬ್ಲೆಂಡರ್ ಹಾದಿಗೆ ಬಂದ ಮೇಲೆ ಎಫ್‌ಸ್ಪೈ ಎಂಬ ಉಚಿತ ಸಾಫ್ಟ್‌ವೇರ್ ಸಿಕ್ಕಿತು. ಎರಡು ದಿಕ್ಕಿನ ಸಮಾಂತರ ಅಂಚುಗಳ ಮೇಲೆ ಗೆರೆ ಇಟ್ಟರೆ ಕ್ಯಾಮೆರಾವನ್ನು ಅದೇ ಲೆಕ್ಕ ಹಾಕಿ ಕೊಡುತ್ತದೆ. ಗೆರೆ ಇಡುವ ಕೈ ಮಾತ್ರ ನಮ್ಮದು, ಮಸುಕಾದ ಅಂಚಿನ ಮೇಲೆ ಇಟ್ಟರೆ ಉತ್ತರವೂ ಮಸುಕು.

ಬೆಳಕಿಗೂ ಲೋಟವೇ ದಾರಿ ತೋರಿಸಿತು. ಅದರ ನೆರಳು ತಳದ ಹತ್ತಿರ ಗಾಢವಾಗಿ, ಚೂಪಾಗಿ ಶುರುವಾಗಿ ಒಂದು ಗೇಣು ದೂರ ಹೋಗುವಷ್ಟರಲ್ಲಿ ಕರಗಿಹೋಗಿತ್ತು. ಬಿಸಿಲಿನ ನೆರಳು ಹೀಗೆ ಕರಗುವುದಿಲ್ಲ. ಸೂರ್ಯ ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟೇ ಅಗಲ ಕಾಣುವುದರಿಂದ, ವಸ್ತುವಿನ ಅಂಚಿನಿಂದ 10 ಸೆಂಟಿಮೀಟರ್ ದೂರದಲ್ಲಿ ಬೀಳುವ ನೆರಳಿನ ಅಂಚು ಸುಮಾರು 1 ಮಿಲಿಮೀಟರ್ ಮಸುಕಾಗುತ್ತದೆ. 1 ಮೀಟರ್ ಅಗಲದ ಕಿಟಕಿ 2 ಮೀಟರ್ ದೂರದಲ್ಲಿದ್ದರೆ ಅದೇ ಮಸುಕು 5 ಸೆಂಟಿಮೀಟರ್. ಫೋಟೋಶಾಪ್‌ನ ದೀಪಕ್ಕೆ ನೆರಳಿನ ಮೃದುತ್ವ ಎಂಬ ಒಂದೇ ಒಂದು ಅಳತೆಕಡ್ಡಿ ಇತ್ತು. ಎಷ್ಟು ಎಳೆದಾಡಿದರೂ ನೆರಳು ಲೋಟದ ನೆರಳಿನ ಹಾಗೆ ಕರಗಲಿಲ್ಲ. ಬ್ಲೆಂಡರಿನಲ್ಲಿ ಕಿಟಕಿಯ ಅಳತೆಯದೇ ಒಂದು ಬೆಳಕಿನ ಹಲಗೆ ಮಾಡಿ, ಕಿಟಕಿ ಇದ್ದ ಜಾಗದಲ್ಲೇ ನಿಲ್ಲಿಸಿದೆ. ನೆರಳು ತಾನಾಗಿ ಸರಿಬಂತು, ತಿದ್ದುವುದೇ ಉಳಿಯಲಿಲ್ಲ.

ಪಿಂಗಾಣಿಗೆ ಬೆಳಕು ಬಿದ್ದರೆ ಸಾಲದು, ಅದರಲ್ಲಿ ಕೋಣೆ ಕಾಣಬೇಕು. ಸುತ್ತಲಿನ ಪರಿಸರದ ಚಿತ್ರವನ್ನೇ ದೀಪವಾಗಿಸಿ, ಕೃತಕ ವಸ್ತುವನ್ನು ನಿಜವಾದ ದೃಶ್ಯದಲ್ಲಿ ಕೂರಿಸುವ ವಿಧಾನವನ್ನು 1998ರಲ್ಲಿ ಪಾಲ್ ಡೆಬೆವೆಕ್ ವಿವರಿಸಿದ್ದರು. ಇವತ್ತು ಎಲ್ಲ ಥ್ರೀಡಿ ಸಾಫ್ಟ್‌ವೇರ್‌ಗಳಲ್ಲೂ ಅದು ಮಾಮೂಲು. ಅದಕ್ಕೆ ಆ ಜಾಗದಲ್ಲೇ ತೆಗೆದ, ಮಬ್ಬು ಬೆಳಕಿನಿಂದ ಪ್ರಖರ ಬೆಳಕಿನವರೆಗೆ ಎಲ್ಲವನ್ನೂ ಹಿಡಿದಿಡುವ ಎಚ್‌ಡಿಆರ್ ಫೋಟೋ ಬೇಕು. ನನ್ನ ಹತ್ತಿರ ಇರಲಿಲ್ಲ, ಮೇಜನ್ನು ಆಗಲೇ ತೆಗೆದುಹಾಕಿದ್ದರು. ಹಾಗಾಗಿ ಒಂದನ್ನು ನಾನೇ ಬಿಡಿಸಿದೆ. ಅಗಲ ಎತ್ತರದ ಎರಡು ಪಟ್ಟಿರುವ 32 ಬಿಟ್ ಹಾಳೆ, ಅದರ ಮೇಲರ್ಧಕ್ಕೆ ಗೋಡೆಯ ಬೂದು, ಕೆಳಗರ್ಧಕ್ಕೆ ಮೇಜಿನ ಕಂದು, ಒಂದು ಪಕ್ಕ ಕಿಟಕಿ. 8 ಬಿಟ್‌ನಲ್ಲಿ ಬಿಳಿ ಅಂದರೆ 255, ಅದರಾಚೆ ಏನೂ ಇಲ್ಲ. ಗೋಡೆಗೂ ಕಿಟಕಿಗೂ ನಿಜದಲ್ಲಿರುವ ಅಂತರ ಅದರಲ್ಲಿ ಹಿಡಿಸುವುದಿಲ್ಲ. 32 ಬಿಟ್‌ನಲ್ಲಿ ಕಿಟಕಿಯ ಬಿಳಿಯನ್ನು ಹಾಳೆಯ ಬಿಳಿಗಿಂತ ಹತ್ತಾರು ಪಟ್ಟು ಪ್ರಖರ ಮಾಡಬಹುದು. ಕಿಟಕಿಯ ಅಡ್ಡಪಟ್ಟಿಗಳನ್ನೂ ಬಿಡಿಸಿದೆ. ಹೂಜಿಯ ಹೊಟ್ಟೆಯ ಮೇಲೆ ಸಣ್ಣ ಬಾಗಿದ ಕಿಟಕಿ ಮೂಡಿತು, ಅಡ್ಡಪಟ್ಟಿ ಸಮೇತ. ಕೆಳಹೊಟ್ಟೆಗೆ ಮೇಜಿನ ಕಂದು ಬೆಳಕು ತಾಗಿತು. ಈ ಇಡೀ ಕೆಲಸದಲ್ಲಿ ನನಗೆ ತೀರಾ ಖುಷಿ ಕೊಟ್ಟ ಹೊತ್ತು ಇದು: ಬ್ರಷ್ಷಿನಲ್ಲಿ ಬಳಿದದ್ದು ಬಣ್ಣವಾಗಿ ಉಳಿಯದೆ ಬೆಳಕಾಗಿ ಬೀಳುವುದು.

ಹಳೆಯ ಫೋಟೋಶಾಪ್ ಬಿಟ್ಟದ್ದು ಇಷ್ಟಕ್ಕೇ ಅಲ್ಲ. ಹಿಡಿಯನ್ನು ಇನ್ನಷ್ಟು ಈಚೆಗೆ ತಿರುಗಿಸಿ ಎಂದು ಬೇಡಿಕೆ ಬಂದಾಗ ಫೈಲು ಹೊಸ ಕಂಪ್ಯೂಟರಿನಲ್ಲಿತ್ತು, ಅಲ್ಲಿ ಥ್ರೀಡಿ ಲೇಯರನ್ನು ನೋಡಬಹುದಿತ್ತೇ ಹೊರತು ಮುಟ್ಟುವಂತಿರಲಿಲ್ಲ. ರೆಂಡರ್, ಅಂದರೆ ಥ್ರೀಡಿಯನ್ನು ಕೊನೆಯ ಚಿತ್ರವಾಗಿಸುವ ಲೆಕ್ಕ, ನಿಧಾನ ಬೇರೆ. ಚೌಕ ಚೌಕವಾಗಿ ತೆವಳುತ್ತಿತ್ತು. ಬೇಕಾದ ಜಾಗವನ್ನಷ್ಟೇ ಸೆಲೆಕ್ಟ್ ಮಾಡಿ ಅಷ್ಟನ್ನೇ ರೆಂಡರ್ ಮಾಡುವ ಅನುಕೂಲ ಇದ್ದುದರಿಂದ ಹೇಗೋ ನಡೆದಿತ್ತು. ಹಳೆಯ ಕಂಪ್ಯೂಟರಿನಲ್ಲಿ ಮತ್ತೆ ತೆರೆದು, ಲೇಯರನ್ನು ಓಬಿಜೆಯಾಗಿ ಹೊರತೆಗೆದು, ಟೆಕ್ಸ್ಚರುಗಳನ್ನು ಒಂದೊಂದಾಗಿ ಬೇರೆ ಉಳಿಸಿಕೊಂಡು ಬ್ಲೆಂಡರಿಗೆ ದಾಟಿಸಿದೆ. ಥ್ರೀಡಿ ಲೇಯರ್ ಇರುವ ಹಳೆಯ ಫೋಟೋಶಾಪ್ ಫೈಲುಗಳು, ಅಂದರೆ ಪಿಎಸ್‌ಡಿಗಳು ನಿಮ್ಮಲ್ಲಿದ್ದರೆ ಹಳೆಯ ಆವೃತ್ತಿ ಓಡುತ್ತಿರುವಾಗಲೇ ಇದನ್ನು ಮಾಡಿಟ್ಟುಕೊಳ್ಳಿ.

ಬ್ಲೆಂಡರಿನಲ್ಲಿ ಎರಡು ಗಂಟು ಬಿಚ್ಚಬೇಕಾಯಿತು. ಹಿಡಿಯ ಮೇಲಿನ ಉಬ್ಬುಗೆರೆಗಳಿಗೆ ಮೇಡಂ ಒಂದು ನಾರ್ಮಲ್ ಮ್ಯಾಪ್ (ಮೈಯ ಉಬ್ಬುತಗ್ಗನ್ನು ಬಣ್ಣಗಳಲ್ಲಿ ಬರೆದಿಟ್ಟ ಚಿತ್ರ) ಕಳಿಸಿದ್ದರು, ಅದನ್ನು ಹಾಕಿದರೆ ಉಬ್ಬು ತಗ್ಗಾಗಿ ಕಾಣುತ್ತಿತ್ತು. ಡೈರೆಕ್ಟ್‌ಎಕ್ಸ್ ಪದ್ಧತಿಯಲ್ಲಿ ಮಾಡಿದ ಮ್ಯಾಪಿಗೂ ಬ್ಲೆಂಡರ್ ಬಳಸುವ ಓಪನ್‌ಜಿಎಲ್ ಪದ್ಧತಿಗೂ ಇರುವ ವ್ಯತ್ಯಾಸ ಹಸಿರು ಚಾನೆಲ್ ತಿರುವುಮುರುವಾಗಿರುವುದಷ್ಟೇ. ಫೋಟೋಶಾಪ್‌ನಲ್ಲಿ ಹಸಿರು ಚಾನೆಲ್ ಒಂದನ್ನೇ ಆರಿಸಿ ಇನ್ವರ್ಟ್ ಮಾಡಿದರೆ ಮುಗಿಯಿತು. ಬ್ಲೆಂಡರಿಗೆ ಇದು ಬಣ್ಣದ ಚಿತ್ರವಲ್ಲ, ಲೆಕ್ಕದ ಚಿತ್ರ ಎಂದೂ ಹೇಳಬೇಕು. ಎರಡನೆಯದು ನೀಲಿಯ ಸಮಸ್ಯೆ. ಟೆಕ್ಸ್ಚರಿನಲ್ಲಿ ಕೊಟ್ಟ ನೀಲಿ ರೆಂಡರಿನಲ್ಲಿ ಮಂಕಾಗಿ ಬರುತ್ತಿತ್ತು. 2.80ರಿಂದ ಫಿಲ್ಮಿಕ್, 4.0ರಿಂದ ಏಜಿಎಕ್ಸ್ ಎಂಬ ನೋಟವನ್ನು ಬ್ಲೆಂಡರ್ ತಾನಾಗಿಯೇ ಹಾಕಿಕೊಳ್ಳುತ್ತದೆ. ತೀರಾ ಪ್ರಖರ ಬೆಳಕನ್ನು ಹದವಾಗಿ ಇಳಿಸಲು ಅದು ಒಳ್ಳೆಯದು, ಆಗಲೇ ಕ್ಯಾಮೆರಾದ ಹದ ಸೇರಿರುವ ಫೋಟೋದ ಜೊತೆ ಕೂಡಿಸುವಾಗ ಅಡ್ಡಿ. ಸ್ಟ್ಯಾಂಡರ್ಡ್‌ಗೆ ಬದಲಿಸಿದೆ. ಕಿಟಕಿಯ ಪ್ರತಿಬಿಂಬ ಒಂದು ಸ್ವಲ್ಪ ಒರಟಾಯಿತು, ಅದನ್ನು ಆಮೇಲೆ ಕೈಯಲ್ಲೇ ಸವರಿದೆ.

ಹಿನ್ನೆಲೆ ಪಾರದರ್ಶಕವಾಗಿರಲಿ ಎಂದು ಹೇಳಿ, ಮೇಜಿನ ಜಾಗದಲ್ಲಿ ಒಂದು ಹಲಗೆ ಇಟ್ಟು ಅದನ್ನು ಶ್ಯಾಡೋ ಕ್ಯಾಚರ್ ಮಾಡಿದರೆ, ಬ್ಲೆಂಡರಿನ ಸೈಕಲ್ಸ್ ರೆಂಡರರ್ ಹಲಗೆಯನ್ನು ಬಿಟ್ಟು ಅದರ ಮೇಲಿನ ನೆರಳನ್ನು ಮಾತ್ರ ಕೊಡುತ್ತದೆ. ಹೂಜಿ ಬೇರೆ, ನೆರಳು ಬೇರೆ, ಬಳ್ಳಿಯ ಮಾಸ್ಕ್ ಬೇರೆ, ಪ್ರತಿ ಬಿಂದು ಕ್ಯಾಮೆರಾದಿಂದ ಎಷ್ಟು ದೂರ ಎಂದು ತೋರಿಸುವ ದೂರದ ಮ್ಯಾಪ್ ಬೇರೆ ಎಂದು ತೆಗೆದುಕೊಂಡೆ. ಕಪ್ಪು ಹಿನ್ನೆಲೆಯ ಅಂಶ ಅಂಚಿನಲ್ಲಿ ಉಳಿದು ಹೂಜಿಯ ಸುತ್ತ ಕಪ್ಪು ಗೆರೆ ಬಂದರೆ ಮ್ಯಾಟಿಂಗ್ ಮೆನುವಿನ ರಿಮೂವ್ ಬ್ಲ್ಯಾಕ್ ಮ್ಯಾಟ್ ಸಾಕು.

ಇಲ್ಲಿಂದ ಮುಂದೆ ಹಳೆಯ ಕಸುಬು. ನೆರಳಿನ ಲೇಯರ್ ಮಲ್ಟಿಪ್ಲೈನಲ್ಲಿ. ತಳದ ಬಳೆ ಮೇಜಿಗೆ ತಾಗುವಲ್ಲಿ, ಬೆಳಕು ನುಗ್ಗಲಾರದ ಸಂದಿನಲ್ಲಿ, ಇನ್ನೊಂದು ತೆಳು ಗೆರೆ ಬೇಕಿತ್ತು; ಎರಡು ಮೂರು ಪಿಕ್ಸೆಲ್ ದಪ್ಪ, ಪೂರ್ತಿ ಕಪ್ಪಲ್ಲದ ಕಂದು. ಅದು ಬಿದ್ದ ಮೇಲೆಯೇ ಹೂಜಿಗೆ ಭಾರ ಬಂದದ್ದು. ಲೋಟದ ನೆರಳಿನ ತೀರಾ ಕಪ್ಪು ಜಾಗವನ್ನು ಐಡ್ರಾಪರ್‌ನಲ್ಲಿ ಅಳೆದರೆ 18, 15, 13 ಬಂತು. ರೆಂಡರಿನ ಕಪ್ಪು ಸೊನ್ನೆಯ ಹತ್ತಿರ ಇತ್ತು. ನಿಜವಾದ ಕೋಣೆಯಲ್ಲಿ, ನಿಜವಾದ ಲೆನ್ಸಿನಲ್ಲಿ ಅಷ್ಟು ಕಪ್ಪು ಸಿಗುವುದಿಲ್ಲ. ಕರ್ವ್ಸ್‌ನ ಕೆಳತುದಿಯನ್ನು ಅಷ್ಟೇ ಎತ್ತಿದೆ. ಹೂಜಿಯ ಹಿಂಬದಿಯ ಅಂಚಿಗೆ ದೂರದ ಮ್ಯಾಪ್ ಬಳಸಿ ಲೆನ್ಸ್ ಬ್ಲರ್ ಕೊಟ್ಟೆ, ಮೇಜಿನ ಹಿಂಬದಿ ಎಷ್ಟು ಮಸುಕೋ ಅಷ್ಟೇ. ಕೊನೆಗೆ ಫೋಟೋದ ಕಾಳು, ಅಂದರೆ ಗ್ರೇನ್. ರೆಂಡರ್ ನುಣುಪು, ಫೋಟೋ ಹಾಗಲ್ಲ. ಪ್ರತಿ ಚಾನೆಲನ್ನೂ ಬೇರೆ ಬೇರೆ ನೋಡಿ, ನೀಲಿಯಲ್ಲಿ ಹೆಚ್ಚು, ಹಸಿರಿನಲ್ಲಿ ಕಡಿಮೆ ಕಾಳು ಸೇರಿಸಿದೆ.

ಕೂತಿದೆಯೋ ಇಲ್ಲವೋ ಎಂದು ನೋಡಲು ನನ್ನದು ಒಂದು ಒರಟು ಉಪಾಯ. ಎಲ್ಲದರ ಮೇಲೆ ಒಂದು ಕರ್ವ್ಸ್ ಲೇಯರ್ ಹಾಕಿ ಗೆರೆಯನ್ನು ಅಲೆಅಲೆಯಾಗಿ ಏರಿಸಿ ಇಳಿಸುವುದು. ಚಿತ್ರ ವಿಕಾರವಾಗುತ್ತದೆ, ಆ ವಿಕಾರದಲ್ಲಿ ಹೂಜಿಯ ಮೈ ಮೇಜಿನ ಮೈಗಿಂತ ಬೇರೆ ಥರ ಕಂಡರೆ ಕಾಳಿನಲ್ಲೋ ಬಣ್ಣದಲ್ಲೋ ಇನ್ನೂ ಅಂತರ ಇದೆ ಎಂದರ್ಥ. ಕಂಡಿತು. ಹೂಜಿಯ ನೆರಳಿನ ಕಡೆ ತೀರಾ ನೀಲಿಯಾಗಿತ್ತು, ಗೋಡೆಯ ಬೂದನ್ನು ನಾನು ತುಸು ತಣ್ಣಗೆ ಬಳಿದಿದ್ದರ ಫಲ. ಪರಿಸರದ ಹಾಳೆಯಲ್ಲಿ ಅದನ್ನು ಬದಲಿಸಿ ಮತ್ತೆ ರೆಂಡರ್ ಮಾಡಿದೆ.

ಚಿತ್ರ ಒಪ್ಪಿಗೆಯಾಯಿತು. ಬಳ್ಳಿ ನೀಲಿಯ ಬದಲು ಹಸಿರಿರಲಿ ಎಂದರು. ಬಳ್ಳಿಯ ಮಾಸ್ಕ್ ಬೇರೆಯೇ ಇದ್ದುದರಿಂದ ಮತ್ತೆ ರೆಂಡರ್ ಬೇಕಾಗಲಿಲ್ಲ, ಹ್ಯೂ ಬದಲಿಸಿ ಕಳಿಸಿದೆ. ಆಮೇಲೆ ಹೂಜಿಗೆ ಮುಚ್ಚಳವೂ ಇದ್ದರೆ ಚೆನ್ನ ಎಂದರು. ಮಾಡೆಲ್‌ನಲ್ಲಿ ಮುಚ್ಚಳ ಇಲ್ಲ. ಮೇಡಂ ಅವರ ನಂಬರ್ ಕೊಟ್ಟು, ಈ ಸಲ ಯುವಿ ಬಿಚ್ಚಿಯೇ ಕಳಿಸಲು ಹೇಳಿ ಎಂದೆ.